ಕೊಟ್ಟಿಗೆಯ ಹಿಂದಿನ ಎಡೆ

ಹಿರಿಯರ ಹಬ್ಬಕ್ಕೆ ನಮ್ಮ ಮನೆಯಲ್ಲಿ ಏಳು ಎಲೆ ಹಾಕುತ್ತಿದ್ದರು. ಎಂಟು ಹಾಕಬೇಕಿತ್ತು. ಆ ಎಂಟನೇ ಎಲೆಯ ವಿಷಯ ಬಿಟ್ಟು ನನ್ನ ಬಾಲ್ಯದ ಬಗ್ಗೆ ಏನು ಬರೆದರೂ ಅದು ಸುಳ್ಳಾಗುತ್ತದೆ. ಶ್ರೀನಿವಾಸಪುರದಿಂದ ಗೌನಿಪಲ್ಲಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ಮಾವಿನ ತೋಪುಗಳ ನಡುವೆ ಅರ್ಧ ಗಂಟೆ ನಡೆದರೆ ನಮ್ಮ ಊರು. ಕಲ್ಲುಚಪ್ಪಡಿ ಹೊದಿಸಿದ ಮನೆ, ಬೇಸಿಗೆಯಲ್ಲಿ ಒಳಗಿದ್ದವರನ್ನು ಬೇಯಿಸಿಬಿಡುತ್ತಿತ್ತು. ನಡುಮನೆ, ಎಡಕ್ಕೆ ಅಡುಗೆಮನೆ, ಬಲಕ್ಕೆ ರೇಷ್ಮೆಹುಳ ಸಾಕುವ ಉದ್ದನೆಯ ಕೋಣೆ, ಹಿಂದೆ ದನದ ಕೊಟ್ಟಿಗೆ. ಮಹಾಲಯ ಅಮಾವಾಸ್ಯೆಯ ದಿನ ನಡುಮನೆಯ ಗೋಡೆಗುಂಟ ತೀರಿಕೊಂಡವರ ಹೆಸರಿನಲ್ಲಿ ಪಂಚೆ ಸೀರೆ ಮಡಿಸಿಟ್ಟು, ಒಬ್ಬೊಬ್ಬರಿಗೂ ಒಂದೊಂದು ಬಾಳೆ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸುತ್ತಿದ್ದರು. ಧೂಪ ಹಾಕಿದ ಮೇಲೆ ಎಲ್ಲರೂ ಅಂಗಳಕ್ಕೆ ಬಂದು ಬಾಗಿಲು ಮುಚ್ಚಬೇಕು. ಹಿರಿಯರು ಬಂದು ಉಣ್ಣುವಾಗ ಬದುಕಿರುವವರ ಕಣ್ಣು ಬೀಳಬಾರದು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಒಂದಿಷ್ಟು ಹೊತ್ತು ಕಳೆದ ಮೇಲೆ ಅವಳೇ ಮೂರು ಸಲ ಬಾಗಿಲು ತಟ್ಟಿ ಒಳಗೆ ಹೋಗಿ ಎಡೆ ಎತ್ತುತ್ತಿದ್ದಳು. ಅಲ್ಲಿಯವರೆಗೆ ಮನೆಯ ಮಕ್ಕಳೂ ಆ ಅಡುಗೆ ಬಾಯಿಗಿಡುವ ಹಾಗಿರಲಿಲ್ಲ.

ಆ ಏಳು ಮಂದಿಯಲ್ಲಿ ನಮ್ಮ ತಾತ ಇದ್ದ, ತಾತನ ಅಪ್ಪ ಅಮ್ಮ ಇದ್ದರು, ಹೆರಿಗೆಯಲ್ಲಿ ಹೋದ ಒಬ್ಬಳು ಸೋದರತ್ತೆ ಇದ್ದಳು. ತಾತನ ತಮ್ಮನೊಬ್ಬನಿದ್ದ. ಪಕ್ಕದ ಹೊಲದವರ ಮೇಲಿನ ಸಿಟ್ಟಿಗೆ ಅವರ ಹುಲ್ಲಿನ ಬಣವೆಗೆ ಬೆಂಕಿ ಇಟ್ಟು, ಹದಿನೈದು ದಿನ ಪೊಲೀಸರ ಕೈಯಲ್ಲಿ ಒದೆ ತಿಂದು ಬಂದವನು. ಅವನ ಎಲೆಗೆ ಕೋಳಿಯ ತೊಡೆ, ಬೀಡಿ ಕಟ್ಟು, ಬೆಂಕಿಪೊಟ್ಟಣ ಎಲ್ಲ ಇಡುತ್ತಿದ್ದರು. ಬೆಂಕಿಪೊಟ್ಟಣ ಯಾಕಿಡುತ್ತಾರೋ ಮಾರಾಯರೇ ಎಂದು ನಮ್ಮಮ್ಮ ಮುಸಿಮುಸಿ ನಗುತ್ತಿದ್ದಳು. ಅವನು ಮನೆಯ ಮಂಚದ ಮೇಲೆ ಸತ್ತನಲ್ಲ, ಹಾಗಾಗಿ ಅವನಿಗೆ ಎಲೆ ಉಂಟು.

ಎಂಟನೆಯವನು ನನ್ನ ದೊಡ್ಡಪ್ಪ, ಅಪ್ಪನ ಅಣ್ಣ ನಾರಾಯಣಸ್ವಾಮಿ. ಮಿಲಿಟರಿಗೆ ಸೇರಿದ್ದ. ಬಾಂಗ್ಲಾ ಯುದ್ಧದ ಕಾಲದಲ್ಲಿ ಪಶ್ಚಿಮದ ಗಡಿಯಲ್ಲಿ ಗಾಯಗೊಂಡು ಶತ್ರುಗಳ ಕೈಗೆ ಸಿಕ್ಕಿ, ಅವರ ಸೆರೆಯಲ್ಲೇ ತೀರಿಕೊಂಡ. ನಾನಿನ್ನೂ ಹುಟ್ಟಿರಲಿಲ್ಲ. ಈಗ ಇದನ್ನು ಸಲೀಸಾಗಿ ಬರೆದುಬಿಟ್ಟೆ, ಆದರೆ ಈ ಒಂದು ಮಾತು ನಮ್ಮ ಮನೆಯಲ್ಲಿ ಇಪ್ಪತ್ತೆಂಟು ವರ್ಷ ಯಾರ ಬಾಯಿಂದಲೂ ಬಂದಿರಲಿಲ್ಲ. ಸುದ್ದಿಯ ಕಾಗದ ಇಂಗ್ಲಿಷಿನಲ್ಲಿ ಬಂದಿತ್ತಂತೆ. ಊರಿನಲ್ಲಿ ಇಂಗ್ಲಿಷ್ ಓದಬಲ್ಲವರು ಯಾರೂ ಇರಲಿಲ್ಲ. ತಾತ ಅದನ್ನು ಹಿಡಿದುಕೊಂಡು ಶ್ರೀನಿವಾಸಪುರದ ಮಾವಿನ ಮಂಡಿಯ ಗುಮಾಸ್ತನೊಬ್ಬನ ಹತ್ತಿರ ಹೋದ. ಅವನು ಕನ್ನಡಕ ಏರಿಸಿ, ಬೆರಳಿಟ್ಟು ಓದಿ, ಮಂಡಿ ತುಂಬ ಜನ ಕೂತಿರುವಾಗ ಹೇಳಿದ್ದು ಇಷ್ಟು:

"ಯಜಮಾನ್ರೇ, ನಿಮ್ ಮಗ ಕೈದಿ ಆಗಿದ್ನಂತೆ. ಜೈಲಲ್ಲೇ ತೀರ್ಕೊಂಡವ್ನೆ."

ಕಾಗದದಲ್ಲಿ ಇದ್ದದ್ದು 'ಪ್ರಿಸನರ್ ಆಫ್ ವಾರ್' ಎಂದು. ಮೊದಲನೇ ಪದಕ್ಕೆ ಅರ್ಥ ಹೇಳಿ, ಕೊನೆಯ ಪದವನ್ನು ಆ ಮಹಾನುಭಾವ ನುಂಗಿಕೊಂಡ. ಯುದ್ಧಕ್ಕೆ ಹೋದವನು ಎಂದು ಎಲ್ಲರಿಗೂ ಗೊತ್ತೇ ಇದೆಯಲ್ಲ, ಅದನ್ನೇನು ಮತ್ತೆ ಹೇಳುವುದು ಅಂದುಕೊಂಡನೋ ಏನೋ. ಇಂಗ್ಲಿಷಿನ ಮೂರಕ್ಷರ. ನಮ್ಮ ಕಡೆಯ ಜನಕ್ಕೆ ಜೈಲು ಎಂದರೆ ಕುರಿ ಕದ್ದವರು, ಮಾವಿನ ತೋಪಿಗೆ ನುಗ್ಗಿದವರು, ಹೆಂಡತಿಯನ್ನು ಬಾವಿಗೆ ನೂಕಿದವರು ಹೋಗುವ ಜಾಗ. ತಾತ ಇನ್ನೊಬ್ಬರ ಹತ್ತಿರ ಓದಿಸಿ ನೋಡಲಿಲ್ಲ. ಓದಿಸಿದರೆ ಇನ್ನೊಬ್ಬರಿಗೆ ಗೊತ್ತಾಗುತ್ತದಲ್ಲ ಎಂಬ ಹೆದರಿಕೆ. ಮನೆಗೆ ಬಂದು ಕಾಗದವನ್ನೂ ದೊಡ್ಡಪ್ಪನ ಇದ್ದೊಂದು ಫೋಟೋವನ್ನೂ ಟ್ರಂಕಿಗೆ ಹಾಕಿ ಬೀಗ ಜಡಿದ. ಆದರೆ ಸುದ್ದಿ ಅವನಿಗಿಂತ ಮೊದಲೇ ಬಸ್ಸು ಹತ್ತಿ ಊರು ಸೇರಿತ್ತು. ಅವತ್ತಿನಿಂದ ನಮ್ಮದು 'ಜೈಲು ಮನೆ' ಆಯಿತು. ಬೀಗರೊಬ್ಬರು ನಮ್ಮ ಮನೆಯ ಹೆಣ್ಣಿಗೆ ಗೊತ್ತಾಗಿದ್ದ ಮದುವೆ ಬಿಟ್ಟರು. ತಿಥಿ ಮಾಡಲಿಲ್ಲ, ಊರಿಗೆ ಊಟ ಹಾಕಲಿಲ್ಲ. ದೊಡ್ಡಮ್ಮನ ಬಳೆ ಮಾತ್ರ ಒಡೆದರು. ಬಳೆ ಒಡೆಯುವುದಕ್ಕೆ ಅವನು ಸತ್ತಿದ್ದ, ಎಲೆ ಹಾಕುವುದಕ್ಕೆ ಸತ್ತಿರಲಿಲ್ಲ. ಮುಂದೆ ದೊಡ್ಡಮ್ಮನ ಹೆಸರಿಗೆ ಸರ್ಕಾರದಿಂದ ಪಿಂಚಣಿ ಬರತೊಡಗಿತು. ಅವಳು ಹೆಬ್ಬೆಟ್ಟು ಒತ್ತಿದ ಕೂಡಲೇ ಅದು ಅಜ್ಜಿಯ ಸೆರಗಿನ ಗಂಟು ಸೇರುತ್ತಿತ್ತು. ಕಳ್ಳನ ಹೆಂಡತಿಗೆ ಸರ್ಕಾರ ಯಾಕೆ ದುಡ್ಡು ಕಳಿಸುತ್ತದೆ ಎಂದು ಇಡೀ ಊರಿನಲ್ಲಿ ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ.

ದೊಡ್ಡಮ್ಮ ಮಾಸ್ತಿಯ ಕಡೆಯವಳು. ನಮ್ಮ ಮನೆಯವರ ಮಾತು ಅರ್ಧ ತೆಲುಗು, ಅವಳದು ಅಚ್ಚ ಕನ್ನಡ. ಅಜ್ಜಿ ಅವಳನ್ನು ಯಾವತ್ತೂ ಹೆಸರು ಹಿಡಿದು ಕರೆದದ್ದಿಲ್ಲ, ಮಾಸ್ತಿಯೋಳು ಎಂದೇ ಕರೆಯುತ್ತಿದ್ದಳು. ಮದುವೆಯಾದ ಮೇಲೆ ದೊಡ್ಡಪ್ಪನ ಜೊತೆ ಅವಳು ಇದ್ದದ್ದು ಅವನ ಎರಡು ರಜೆಗಳಲ್ಲಿ ಮಾತ್ರ. ಮಕ್ಕಳಿಲ್ಲ. ಅವಳ ವಾಸವೆಲ್ಲ ಹುಳದ ಮನೆಯಲ್ಲಿ. ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಹಾಕುವುದು, ತಟ್ಟೆಗಳ ಕಸ ತೆಗೆಯುವುದು, ಹುಳ ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹೊತ್ತಿನಲ್ಲಿ, ಉಸಿರು ಬಿಗಿಹಿಡಿದು ಕಾಯುವುದು, ಹಣ್ಣಾದ ಹುಳಗಳನ್ನು ಒಂದೊಂದಾಗಿ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಂಕಿಗೆ ಬಿಡುವುದು. ಇಡೀ ಮನೆ ಆ ಗೂಡಿನಿಂದ ಉಣ್ಣುತ್ತಿತ್ತು. ಉಣ್ಣುವಾಗ ಅವಳ ತಟ್ಟೆಗೆ ಬೀಳುತ್ತಿದ್ದದ್ದು ಕೊನೆಯ ಮುದ್ದೆ, ತಳದ ಸಾರು. ನಾನು ಅವಳ ಪಕ್ಕದಲ್ಲೇ ಬೆಳೆದೆ. ನಮ್ಮಮ್ಮನಿಗೆ ನನ್ನ ನಂತರ ಎರಡು ಮಕ್ಕಳಾದವು, ನನ್ನ ತಲೆ ಬಾಚುವುದಕ್ಕೂ ಪುರಸೊತ್ತಿರಲಿಲ್ಲ. ದೊಡ್ಡಮ್ಮನ ಕೈಯಲ್ಲಿ ಸದಾ ಹಸಿ ಸೊಪ್ಪಿನ ವಾಸನೆ. ಆ ವಾಸನೆ ಎಲ್ಲಾದರೂ ಸಿಕ್ಕಿದರೆ ಈಗಲೂ ನನಗೆ ಮೊದಲು ಸಮಾಧಾನ ಆಗುತ್ತದೆ, ಆಮೇಲೆ ನಾಚಿಕೆ ಆಗುತ್ತದೆ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಹಿರಿಯರ ಹಬ್ಬದ ದಿನ, ಎಲ್ಲರೂ ಬಾಗಿಲು ಮುಚ್ಚಿ ಅಂಗಳದಲ್ಲಿ ನಿಂತಿದ್ದರು. ದೊಡ್ಡಮ್ಮ ಮಾತ್ರ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಕೊಟ್ಟಿಗೆಯ ಹಿಂದಕ್ಕೆ ಹೋದಳು. ನಾನೂ ಸದ್ದಿಲ್ಲದೆ ಹಿಂದೆ ಹೋಗಿ ಹುಲ್ಲಿನ ಮೆದೆಯ ಮರೆಯಲ್ಲಿ ನಿಂತೆ. ಅವಳು ಸಗಣಿ ಸಾರಿಸಿಟ್ಟಿದ್ದ ಒಂದು ಅಂಗೈಯಗಲ ಜಾಗದಲ್ಲಿ ಎಲೆಯ ಚೂರು ಹಾಕಿ, ಅದರ ಮೇಲೆ ಎರಡು ಅಲಸಂದೆ ವಡೆ ಇಟ್ಟಳು. ಗಂಡನ ಬಗ್ಗೆ ಅವಳಿಗೆ ಖಂಡಿತವಾಗಿ ಗೊತ್ತಿದ್ದದ್ದು ಅದೊಂದೇ, ಅವನಿಗೆ ಅಲಸಂದೆ ವಡೆ ಎಂದರೆ ಪ್ರಾಣ ಎಂಬುದು. ಆಮೇಲೆ ಎಲೆಗೆ ಬೆನ್ನು ಮಾಡಿ, ಎರಡೂ ಕೈಯಲ್ಲಿ ಸೆರಗನ್ನು ಅಗಲಕ್ಕೆ ಬಿಚ್ಚಿ ಹಿಡಿದು ನಿಂತಳು. ಅಲ್ಲಿ ಮುಚ್ಚುವುದಕ್ಕೆ ಬಾಗಿಲು ಇರಲಿಲ್ಲವಲ್ಲ, ಅದಕ್ಕೆ. ಅವಳೇ ಬಾಗಿಲಾಗಿ ನಿಂತಿದ್ದಳು. ನನಗೆ ಅದು ಯಾವುದೂ ಅರ್ಥವಾಗಲಿಲ್ಲ. ಬೆಳಿಗ್ಗೆಯಿಂದ ಉಪವಾಸ, ಎದುರಿಗೆ ಬಿಸಿ ವಡೆ, ಕಾಯುವವರು ಆ ಕಡೆ ಮುಖ ಮಾಡಿದ್ದಾರೆ. ಕೈ ಚಾಚಿ ಎರಡನ್ನೂ ಎತ್ತಿಕೊಂಡು ಮೆದೆಯ ಹಿಂದೆ ಕೂತು ತಿಂದೆ.

ದೊಡ್ಡಮ್ಮ ತಿರುಗಿದಳು. ಬರಿ ಎಲೆ ನೋಡಿದಳು. ಕೂತಳು, ಎಲೆಯನ್ನು ಕೈಯಿಂದ ಸವರಿದಳು. ಅವಳ ಮುಖದಲ್ಲಿ ಅಂಥ ನಗುವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಯಾರಿಗೋ ಕೇಳಿಸುವ ಹಾಗೆ ಹೇಳಿದಳು:

"ಬಂದಿದ್ರಾ? ಉಂಡ್ರಾ? ಇಷ್ಟ್ ವರ್ಷ ಆಯ್ತಲ್ರೀ ಬರೋಕೆ."

ಆ ವರ್ಷವಿಡೀ ದೊಡ್ಡಮ್ಮ ಬೇರೆಯೇ ಹೆಂಗಸಾಗಿದ್ದಳು. ಸೊಪ್ಪು ಹೆಚ್ಚುವಾಗ ಗುನುಗುತ್ತಿದ್ದಳು. ಅಜ್ಜಿ ಬೈದರೆ ತಲೆ ತಗ್ಗಿಸುವ ಬದಲು ಎದ್ದು ಹೋಗಿ ಹಸುವಿನ ಮೈ ತಿಕ್ಕುತ್ತಿದ್ದಳು. ಮಾಸ್ತಿಯ ತವರಿಗೆ ಎರಡು ದಿನ ಹೋಗಿ ಬರುತ್ತೇನೆ ಎಂದು ಮೊಟ್ಟಮೊದಲ ಸಲ ಕೇಳಿದಳು. ಕಳಿಸಲಿಲ್ಲ ಅನ್ನುವುದು ಬೇರೆ ಮಾತು, ಕೇಳಿದ್ದೇ ದೊಡ್ಡದು. ನನಗೆ ಗೊತ್ತಿತ್ತು, ಇದೆಲ್ಲ ನಾನು ತಿಂದ ಎರಡು ವಡೆಯ ಮಹಿಮೆ ಎಂದು. ಹೇಳಬೇಕು ಎಂದು ಒಂದೆರಡು ಸಲ ಬಾಯಿ ತೆರೆದೆ. ಆದರೆ ಅವಳ ಮುಖ ನೋಡಿ ಸುಮ್ಮನಾದೆ. ಅಷ್ಟರಮಟ್ಟಿಗೆ ನಾನು ಒಳ್ಳೆಯ ಹುಡುಗಿಯೇ ಆಗಿದ್ದೆ. ಮುಂದಿನ ಹಬ್ಬದವರೆಗೆ ಮಾತ್ರ.

ಮುಂದಿನ ಹಬ್ಬಕ್ಕೂ ಅದೇ ನಡೆಯಿತು. ದೊಡ್ಡಮ್ಮ ಈ ಸಲ ನಾಲ್ಕು ವಡೆ ಇಟ್ಟಿದ್ದಳು. ಅವಳು ತಿರುಗಿ ನಿಂತಳು, ನಾನು ನಾಲ್ಕನ್ನೂ ತಿಂದೆ. ಖಾಲಿ ಎಲೆ ಕಂಡರೆ ಅವಳಿಗೆ ಸಂತೋಷವಾಗುತ್ತದೆ ಎಂದೇ ತಿಂದೆ ಎಂದು ಈಗ ಬರೆದುಕೊಳ್ಳಬಹುದು. ನಿಜ ಹೇಳಬೇಕೆಂದರೆ ಅರ್ಧ ಅದು, ಅರ್ಧ ಹೊಟ್ಟೆಬಾಕತನ. ಬಾಯಿ ಒರೆಸಿಕೊಳ್ಳುವುದನ್ನು ಮರೆತು ಅಂಗಳಕ್ಕೆ ಬಂದುಬಿಟ್ಟೆ. ಅಜ್ಜಿ ಇನ್ನೂ ಬಾಗಿಲು ತಟ್ಟಿರಲಿಲ್ಲ. ಅಪ್ಪ, ಅಮ್ಮ, ಬೇರೆ ಊರಿಂದ ಬಂದಿದ್ದ ನೆಂಟರು ಎಲ್ಲರೂ ಅಲ್ಲಿದ್ದರು. ಅಜ್ಜಿ ನನ್ನ ಗದ್ದ ಹಿಡಿದೆತ್ತಿ, ತುಟಿಯ ಮೇಲಿನ ಎಣ್ಣೆಯನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದಳು.

"ಏಮೇ ಶಾಂತಾ, ದೊಂಗ ಮುಂಡೆ! ಪೆದ್ದಲು, ಹಿರೀಕ್ರು ಉಣ್ಣೋಕ್ ಮುಂಚೆ ನೀನ್ ಎಂಜಲು ಮಾಡ್ದಾ? ಎಲ್ಲಿಂದ್ ಕದ್ದೆ?"

ಅವಳ ಕೈಗೆ ಹುಣಸೆ ಬರಲಿನ ಛಡಿ ಬಂದಿತ್ತು. ದೊಡ್ಡಮ್ಮ ಅಷ್ಟರಲ್ಲಿ ಖಾಲಿ ಎಲೆ ನೋಡಿಕೊಂಡು, ಅದೇ ನಗುವಿನಲ್ಲಿ ಕೊಟ್ಟಿಗೆಯ ಮೂಲೆ ತಿರುಗಿ ಬರುತ್ತಿದ್ದಳು. ನಾನು ಅವಳನ್ನು ನೋಡಿದೆ. ನೋಡಿಯೂ ಹೇಳಿದೆ. ಇದನ್ನು ಎಷ್ಟು ಸಲ ನೆನೆದರೂ ಈ 'ನೋಡಿಯೂ' ಎಂಬುದನ್ನು ಅಳಿಸಲು ನನ್ನಿಂದ ಆಗಿಲ್ಲ.

"ಒಳಗಡೆದು ಮುಟ್ಟಿಲ್ಲ ಅಜ್ಜಿ! ಕೊಟ್ಟಿಗೆ ಹಿಂದೆ ದೊಡ್ಡಮ್ಮ ದೊಡ್ಡಪ್ಪಂಗೆ ಇಟ್ಟಿದ್ಲಲ್ಲ, ಅದನ್ನ ತಿಂದೆ. ಹೋದ್ ವರ್ಷಾನೂ ನಾನೇ ತಿಂದಿದ್ದು!"

ನೆಂಟರಲ್ಲಿ ಒಬ್ಬ ಕಿಸಕ್ಕೆಂದ. ಅಪ್ಪನೂ ನಕ್ಕ. ಅಜ್ಜಿ ಬರಲನ್ನು ಕೆಳಗೆ ಹಾಕಿ ಸೊಂಟಕ್ಕೆ ಕೈಯಿಟ್ಟಳು.

"ಓಹೋ! ಜೈಲಲ್ಲಿ ಸತ್ತೋನಿಗೆ ಕಳ್ಳ ಎಡೆ ಬೇರೆ. ತಿಂದೋಳೂ ಕಳ್ಳಿ. ಸರಿಯಾಗೈತೆ ಜೋಡಿ!"

ಅಂಗಳವೆಲ್ಲ ನಕ್ಕಿತು. ದೊಡ್ಡಮ್ಮ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಅವಳು ಒಮ್ಮೆ ನನ್ನ ಬಾಯಿಯನ್ನು ನೋಡಿ, ಹುಳದ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಜೆ ನನ್ನ ತಲೆ ಬಾಚಲು ಯಾವಾಗಿನಂತೆ ಕರೆದಳು. ಮುಂದಿನ ವರ್ಷ ಕೊಟ್ಟಿಗೆಯ ಹಿಂದೆ ಎಲೆ ಹಾಕಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ.

ನಾನು ಹೈಸ್ಕೂಲಿಗೆ ಬಂದೆ. ಆ ಬೇಸಿಗೆಯಲ್ಲಿ ಕಾರ್ಗಿಲ್ ಯುದ್ಧ ಶುರುವಾಗಿತ್ತು. ಊರಿನಲ್ಲಿದ್ದ ಒಂದೇ ಟೀವಿಯ ಮುಂದೆ ಸಂಜೆ ಎಲ್ಲರೂ ಕೂತು ಸೈನಿಕರಿಗಾಗಿ ಕಣ್ಣೀರು ಹಾಕುತ್ತಿದ್ದರು. ನಮ್ಮ ಅಜ್ಜಿಯೂ ಹಾಕಿದಳು, ಸೆರಗಿನಿಂದ ಮೂಗು ಒರೆಸಿಕೊಂಡು, 'ಯಾರ್ ಹೆತ್ತ ಮಕ್ಳೋ' ಎಂದಳು. ಅವಳೇ ಹೆತ್ತವನು ಟ್ರಂಕಿನಲ್ಲಿದ್ದ. ಒಂದು ದಿನ ಹುಳದ ತಟ್ಟೆಗೆ ಹಾಸಲು ಹಳೆಯ ದಿನಪತ್ರಿಕೆ ಬಿಡಿಸುತ್ತಿದ್ದೆ. ಅದರಲ್ಲಿ ಒಂದು ಶಬ್ದ ಕಣ್ಣಿಗೆ ಬಿತ್ತು: ಯುದ್ಧಕೈದಿ. ಕೈದಿ ಎಂಬುದು ನಮ್ಮ ಮನೆಯಲ್ಲಿ ಯಾರೂ ಆಡದ, ಆದರೆ ಎಲ್ಲರ ಕಿವಿಯಲ್ಲೂ ಇದ್ದ ಮಾತು. ಅದಕ್ಕೆ ಯುದ್ಧ ಅಂಟಿಕೊಂಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ತುಂಡನ್ನು ಹರಿದು ಮಡಿಸಿಕೊಂಡು ಹೋಗಿ ಇಂಗ್ಲಿಷ್ ಮೇಡಂಗೆ ತೋರಿಸಿದೆ.

"ಯುದ್ಧದಲ್ಲಿ ಶತ್ರುಗಳ ಕೈಗೆ ಸಿಕ್ಕಿಬಿದ್ದ ಸೈನಿಕ ಕಣಮ್ಮ. ಪ್ರಿಸನರ್ ಆಫ್ ವಾರ್ ಅಂತಾರೆ. ಅವರೇನ್ ತಪ್ಪು ಮಾಡಿರಲ್ಲ. ಯಾಕೆ, ಪರೀಕ್ಷೆಗೆ ಬರುತ್ತೆ ಅಂದ್ರಾ?"

ಟ್ರಂಕಿನ ಬೀಗದಕೈ ಅಜ್ಜಿಯ ಕೊರಳಿನ ದಾರದಲ್ಲಿತ್ತು. ಅವಳು ಸ್ನಾನಕ್ಕೆ ಹೋದಾಗ ಗೂಟಕ್ಕೆ ಹಾಕಿದ್ದನ್ನು ತೆಗೆದುಕೊಂಡೆ. ಕಳ್ಳಿ ಎಂದು ಒಮ್ಮೆ ಹೆಸರಾಗಿತ್ತಲ್ಲ, ಇನ್ನೇನು ಹೆದರಿಕೆ. ಕಾಗದ ಮಡಿಕೆಯಲ್ಲಿ ಹರಿಯುವ ಹಾಗಿತ್ತು. ಆ ಮೂರು ಪದ ನನಗೆ ತಕ್ಷಣ ಸಿಕ್ಕಿದವು. ಗಾಯ, ಆಸ್ಪತ್ರೆ, ಅಂತ್ಯಸಂಸ್ಕಾರ ಇಂಥವೂ ಅರ್ಥವಾದವು. ಕೆಳಗೆ ಹೆಂಡತಿಯ ಹೆಸರು ಇತ್ತು, ಮುನಿರತ್ನಮ್ಮ. ನನ್ನನ್ನು ಸಾಕಿದವಳ ಹೆಸರು ನನಗೆ ಗೊತ್ತಾದದ್ದು ಹದಿನೈದನೇ ವಯಸ್ಸಿನಲ್ಲಿ, ಸರ್ಕಾರದ ಕಾಗದದಿಂದ. ಅಪ್ಪ ಊಟಕ್ಕೆ ಕೂತಿದ್ದ, ಅಮ್ಮ ಬಡಿಸುತ್ತಿದ್ದಳು, ಅಜ್ಜಿ ತಲೆ ಒರೆಸಿಕೊಳ್ಳುತ್ತ ಬಂದಳು. ನಾನು ನಡುಮನೆಯಲ್ಲಿ ನಿಂತು ಜೋರಾಗಿ ಓದಿ, ಕನ್ನಡದಲ್ಲಿ ಅರ್ಥ ಹೇಳಿದೆ. ದೊಡ್ಡಮ್ಮ ಸೊಪ್ಪಿನ ಬುಟ್ಟಿ ಹಿಡಿದು ಹುಳದ ಮನೆಯ ಹೊಸ್ತಿಲಿನಲ್ಲಿ ನಿಂತಿದ್ದಳು. ಈಗ ಎಲ್ಲರೂ ಅಳುತ್ತಾರೆ, ದೊಡ್ಡಮ್ಮನ ಕಾಲು ಹಿಡಿಯುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ನಂಗೆ. ಕಾಲೇಜಿಗೆ ಹೋಗ್ತಿದ್ದಾಗ್ಲೇ ಓದಿದ್ದೆ. ಒಳಗಿಡು ಅದನ್ನ, ಹರಿದೋದಾತು."

"ಗೊತ್ತಿದ್ದೂ ಯಾಕಪ್ಪ ಹೇಳ್ಲಿಲ್ಲ?"

ಅಪ್ಪ ಇನ್ನೊಂದು ತುತ್ತು ಸಾರಿಗೆ ಅದ್ದಿದ. ಉತ್ತರ ಹೇಳಿದವಳು ಅಜ್ಜಿ. ಅವಳಿಗೂ ಗೊತ್ತಿತ್ತು.

"ಊರ್ಕೋ, ಸುಮ್ಕಿರು, ಬಂದ್ಬುಟ್ಲು ದೊಡ್ಡ ಲಾಯರಮ್ಮ. ಹೇಳಿದ್ರೆ ಇವಳನ್ನ ಕುರ್ಚಿ ಹಾಕಿ ಕೂರಿಸ್ಬೇಕಾಗಿತ್ತು. ಆಮೇಲೆ ಹುಳಕ್ಕೆ ಸೊಪ್ಪು ಹಾಕೋರ್ಯಾರು, ನಿಮ್ಮಮ್ಮನಾ?"

ನಾನು ಅಮ್ಮನನ್ನು ನೋಡಿದೆ. ಅವಳು ಸಾರಿನ ಪಾತ್ರೆಯೊಳಗೆ ಏನೋ ಹುಡುಕುತ್ತಿದ್ದಳು. ಮೋಸ ಮಾಡಿದವರು ಬೆಚ್ಚುತ್ತಾರೆ, ತಡವರಿಸುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ನಮ್ಮ ಮನೆಯವರು ಊಟ ಮಾಡುತ್ತಿದ್ದರು. ಅವತ್ತು ಅವರ ಮೇಲೆ ಹುಟ್ಟಿದ ಅಸಹ್ಯ ನನ್ನಲ್ಲಿ ಇಂದಿಗೂ ಇದೆ, ಅದನ್ನು ಬಚ್ಚಿಟ್ಟುಕೊಳ್ಳುವ ವಯಸ್ಸೂ ನನ್ನದಲ್ಲ. ದೊಡ್ಡಮ್ಮ ಅವರ ಕಡೆ ನೋಡಲೇ ಇಲ್ಲ. ಬುಟ್ಟಿ ಕೆಳಗಿಟ್ಟು ನನ್ನ ಹತ್ತಿರ ಬಂದಳು, ಕಾಗದದ ಮೇಲೆ ಒಂದು ಬೆರಳಿಟ್ಟಳು.

"ಹಂಗಾದ್ರೆ ಅವ್ರು ಕದ್ದಿರ್ಲಿಲ್ವಾ?"

"ಇಲ್ಲ ದೊಡ್ಡಮ್ಮ. ಏನೂ ಕದ್ದಿರ್ಲಿಲ್ಲ."

"ಏನ್ ಕದ್ದಿರ್ಬೋದು, ಯಾಕ್ ಕದ್ದಿರ್ಬೋದು ಅಂತ ಇಷ್ಟ್ ವರ್ಷ ಯೋಚ್ನೆ ಮಾಡ್ತಿದ್ನಲ್ಲೇ. ಹಸಿವಾಗಿತ್ತೇನೋ, ರೊಟ್ಟಿ ಗಿಟ್ಟಿ ಕದ್ರೇನೋ ಅನ್ಕೊಂಡಿದ್ದೆ."

ಅಷ್ಟು ಹೇಳಿ ಮತ್ತೆ ಬುಟ್ಟಿ ಎತ್ತಿಕೊಂಡಳು. ಹುಳಕ್ಕೆ ಹೊತ್ತಾಗಿತ್ತು. ಅಂದರೆ ಕೊಟ್ಟಿಗೆಯ ಹಿಂದೆ ಅವಳು ಎಡೆ ಇಟ್ಟದ್ದು ಕಳ್ಳನೆಂದುಕೊಂಡಿದ್ದ ಗಂಡನಿಗೆ. ಕಳ್ಳನಾದರೂ ಹಸಿದಿರಬಾರದು ಎಂದು ಇಟ್ಟಿದ್ದಳು.

ನಾನು ಸುಮ್ಮನೆ ಕೂರಲಿಲ್ಲ. ಮೇಡಂಗೆ ಎಲ್ಲ ಹೇಳಿದೆ, ಮೇಡಂ ಹೆಡ್‌ಮಾಸ್ಟರಿಗೆ ಹೇಳಿದರು. ಸ್ವಾತಂತ್ರ್ಯ ದಿನಕ್ಕೆ ಹುತಾತ್ಮ ಯೋಧನ ಪತ್ನಿಗೆ ಸನ್ಮಾನ ಎಂದು ಹೋಬಳಿಗೆಲ್ಲ ಸುದ್ದಿಯಾಯಿತು. ಜೈಲು ಮನೆ ಒಂದೇ ವಾರದಲ್ಲಿ ಯೋಧರ ಮನೆ ಆಯಿತು. ಟ್ರಂಕಿನ ಫೋಟೋ ಶ್ರೀನಿವಾಸಪುರದ ಸ್ಟುಡಿಯೋಗೆ ಹೋಗಿ, ದೊಡ್ಡದಾಗಿ, ಬಣ್ಣ ತುಂಬಿಸಿಕೊಂಡು ಬಂತು. ಇಪ್ಪತ್ತೆಂಟು ವರ್ಷದ ನಂತರ ದೊಡ್ಡಮ್ಮ ಗಂಡನ ಮುಖ ನೋಡಿ, 'ತುಟಿ ಹಿಂಗ್ ಕೆಂಪಗಿರ್ಲಿಲ್ಲ' ಎಂದಳು. ಸನ್ಮಾನದ ದಿನ ನಸುಕಿನಲ್ಲೇ ಹುಳ ಹಣ್ಣಾಗಿದ್ದವು. ಹಣ್ಣಾದ ಹುಳ ಯಾರ ಸನ್ಮಾನಕ್ಕೂ ಕಾಯುವುದಿಲ್ಲ, ಅವತ್ತೇ ಆರಿಸಿ ಚಂದ್ರಂಕಿಗೆ ಬಿಡದಿದ್ದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಆರಿಸಲು ಮನೆಯಲ್ಲಿ ಬೇರೆ ಕೈಗಳಿದ್ದವು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಳ್ಳುತ್ತ ಹೇಳಿದ:

"ಅತ್ತಿಗೆ, ನೀವ್ ಹುಳ ನೋಡ್ಕೊಳಿ. ನಿಮ್ ಪರವಾಗಿ ನಾನೇ ತಗೊಂಡ್ ಬರ್ತೀನಿ."

ವೇದಿಕೆಯ ಮೇಲೆ ಒಂದು ಕುರ್ಚಿಗೆ ಚೀಟಿ ಅಂಟಿಸಿದ್ದರು, ಹುತಾತ್ಮರ ಪತ್ನಿ ಎಂದು. ಅಪ್ಪ ಚೀಟಿಯನ್ನು ಬೆನ್ನಿನಿಂದ ಮುಚ್ಚಿ ಅದರ ಮೇಲೆ ಕೂತ. ಶಾಲು ಹೊದಿಸಿಕೊಂಡ, ಹಾರ ಹಾಕಿಸಿಕೊಂಡ, ಮೈಕಿನ ಮುಂದೆ ಗದ್ಗದನಾಗಿ ಅಣ್ಣನ ನೆನಪು ಮಾಡಿದ. ಅವನು ಸುಮ್ಮನೆ ನಟಿಸಿದ ಎಂದೂ ಹೇಳಲಾರೆ, ನಿಜವಾಗಿಯೂ ಅತ್ತ. ಅದೇ ನನಗೆ ಸಹಿಸಲಾಗದ್ದು. ಮಕ್ಕಳ ಸಾಲಿನಲ್ಲಿ ನಿಂತು ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಮನೆಗೆ ಬಂದಾಗ ದೊಡ್ಡಮ್ಮ ಇನ್ನೂ ಹುಳ ಬಿಡುತ್ತಿದ್ದಳು. ಅಪ್ಪ ಶಾಲನ್ನು ಅವಳ ಹೆಗಲಿಗೆ ಹಾಕಲು ಹೋದರೆ, ಹುಳಕ್ಕೆ ಸೆಂಟಿನ ವಾಸನೆ ಆಗಲ್ಲ, ಆಚೆ ಇಡಿ ಎಂದಳು. ಆ ಶಾಲನ್ನು ಚಳಿಗಾಲದಲ್ಲಿ ಅಜ್ಜಿ ಹೊದೆಯುತ್ತಿದ್ದಳು.

ಆ ವರ್ಷದ ಹಿರಿಯರ ಹಬ್ಬಕ್ಕೆ ನಡುಮನೆಯಲ್ಲಿ ಎಂಟು ಎಲೆ ಬಿದ್ದವು. ನಡುವಿನಲ್ಲಿ ದೊಡ್ಡಪ್ಪನದು, ಹಿಂದೆ ಕೆಂಪು ತುಟಿಯ ಫೋಟೋ. ನೋಡಲು ಊರಿನ ನಾಲ್ಕು ಜನ ಬಂದಿದ್ದರು. ಅಪ್ಪ ದೊಡ್ಡಮ್ಮನನ್ನು ಕರೆದು, ನೀವೇ ಬಡಿಸಿ ಅತ್ತಿಗೆ ಎಂದ. ಅವಳು ನಾಲ್ಕು ಅಲಸಂದೆ ವಡೆ ಬಡಿಸಿದಳು. ಬಾಗಿಲು ಮುಚ್ಚಿದರು. ಅಂಗಳದಲ್ಲಿ ನಾನು ಅವಳ ಪಕ್ಕ ನಿಂತೆ. ಅಜ್ಜಿ ಬಾಗಿಲು ತಟ್ಟಿ ತೆರೆದಾಗ ಎಲ್ಲ ಎಲೆಗಳೂ ಹೇಗಿದ್ದವೋ ಹಾಗೇ ಇದ್ದವು, ಪ್ರತಿ ವರ್ಷ ಇರುವ ಹಾಗೆ. ನಾಲ್ಕು ವಡೆಯೂ ಇದ್ದವು. ದೊಡ್ಡಮ್ಮ ಅವನ್ನೇ ನೋಡುತ್ತ, ನನಗೆ ಮಾತ್ರ ಕೇಳುವಂತೆ ಹೇಳಿದಳು. ಆ ವಿಷಯ ಅವಳು ನನ್ನೊಡನೆ ಎತ್ತಿದ್ದು ಅದೊಂದೇ ಸಲ.

"ಆ ಒಂದ್ ವರ್ಷ ಬಂದಿದ್ರು ಅನ್ಕೊಂಡಿದ್ದೆ ಕಣೇ ಶಾಂತಾ. ಆ ವರ್ಷ ಚೆನ್ನಾಗಿತ್ತು."

ತಪ್ಪಾಯ್ತು ದೊಡ್ಡಮ್ಮ ಅನ್ನಬೇಕಿತ್ತು. ನಾನು ಅನ್ನಲಿಲ್ಲ. ಅಪ್ಪನನ್ನೂ ಅಜ್ಜಿಯನ್ನೂ ದ್ವೇಷಿಸುವುದು ನನಗೆ ಎಷ್ಟು ಸುಲಭವಾಗಿ ಬಂತೆಂದರೆ, ನನ್ನ ಪಾಲಿನದನ್ನು ಹೇಳಿಕೊಳ್ಳಲು ಅದರಲ್ಲಿ ಜಾಗವೇ ಇರಲಿಲ್ಲ. ಮುಂದೆ ಕೋಲಾರದಲ್ಲಿ ಓದಿದೆ, ಮಾಲೂರಿನಲ್ಲಿ ಟೀಚರ್ ಆದೆ. ದೊಡ್ಡಮ್ಮನಿಗೆ ಹುಳದ ಮನೆಯ ಧೂಳಿನಿಂದ ಉಬ್ಬಸ ಹಿಡಿಯಿತು. ನನ್ನ ಜೊತೆ ಬಂದು ಇರು ಎಂದು ಕರೆದರೆ, ಹುಳ ಯಾರ್ ನೋಡ್ಕೋತಾರೆ ಎಂದಳು. ಅಜ್ಜಿಯ ಮಾತನ್ನೇ ಅವಳ ಬಾಯಲ್ಲಿ ಕೇಳಿ ನನಗೆ ರೇಗಿತು, ಜಗಳವಾಡಿ ಬಂದೆ. ನಾಲ್ಕು ತಿಂಗಳ ನಂತರ ಅವಳು ಹುಳದ ಮನೆಯಲ್ಲೇ ತೀರಿಕೊಂಡಳು. ಆ ವರ್ಷದ ಹಬ್ಬಕ್ಕೆ ರಜೆ ಹಾಕಿ ಊರಿಗೆ ಹೋದೆ. ನಡುಮನೆಯಲ್ಲಿ ಒಂಬತ್ತು ಎಲೆ. ಅಪ್ಪ ದೊಡ್ಡಪ್ಪನ ಪಕ್ಕದಲ್ಲಿ ಅವಳದನ್ನು ಹಾಕಿದ್ದ.

"ಜೋಡಿಯಾಗಿ ಹಾಕಿದೀನಿ ನೋಡಮ್ಮ. ನಿಂಗ್ ಸಮಾಧಾನ ಆಯ್ತಾ?"

ಬಾಗಿಲು ಮುಚ್ಚಿ ಎಲ್ಲರೂ ಅಂಗಳಕ್ಕೆ ಬಂದಾಗ, ಸೆರಗಿನಲ್ಲಿ ಎಲೆಯ ಚೂರು ಮುಚ್ಚಿಕೊಂಡು ಕೊಟ್ಟಿಗೆಯ ಹಿಂದಕ್ಕೆ ಹೋದೆ. ಕೊಟ್ಟಿಗೆಯಲ್ಲಿ ದನ ಇರಲಿಲ್ಲ, ಅಪ್ಪ ಟ್ರ್ಯಾಕ್ಟರ್ ನಿಲ್ಲಿಸಿದ್ದ. ಹಿಂದಿನ ನೆಲದ ಮೇಲೆ ಡೀಸೆಲ್ ಕಲೆ. ಒಂದು ಜಾಗ ಗುಡಿಸಿ, ನೀರು ಚಿಮುಕಿಸಿ, ಎಲೆ ಹಾಕಿ, ನಾಲ್ಕು ಅಲಸಂದೆ ವಡೆ ಇಟ್ಟೆ. ಅವನಿಗೆ ಎರಡು, ಅವಳಿಗೆ ಎರಡು. ಬೆನ್ನು ತಿರುಗಿಸಿ, ಸೆರಗನ್ನು ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದು ನಿಂತೆ. ಯಾರಾದರೂ ಬಂದು ತಿಂದುಬಿಡಲಿ, ಬೆಕ್ಕಾದರೂ ಸರಿ, ನನ್ನಂಥ ಹೊಟ್ಟೆಬಾಕ ಹುಡುಗಿಯಾದರೂ ಸರಿ ಎಂದು ಬೇಡಿಕೊಂಡೆ. ಅಂಗಳದಲ್ಲಿ ಬಾಗಿಲು ತಟ್ಟಿದ ಸದ್ದು ಕೇಳಿತು, ಮೂರು ಸಲ. ಕೈ ಸೋತು ಬಂದಿತ್ತು. ಆದರೂ ಇನ್ನೂ ಸ್ವಲ್ಪ ಹೊತ್ತು ನಿಂತೆ.

ಆಮೇಲೆ ತಿರುಗಿ ನೋಡಿದೆ. ನಾಲ್ಕೂ ವಡೆ ಅಲ್ಲೇ ಇದ್ದವು.